ಎಂಜಿನ್ ಸಹಿಸುತ್ತದೆ, ಇಂಧನ ಕೋಶ ಸಹಿಸದು

ವಿದ್ಯುತ್‌ರಸಾಯನ ಶಾಸ್ತ್ರ ಓದಿದವರಿಗೆ ಅಮೂಲ್ಯ ಕೆ. ಎನ್. ರೆಡ್ಡಿಯವರ ಹೆಸರು ಹೊಸದಲ್ಲ. ಜಾನ್ ಬೋಕ್ರಿಸ್ ಜೊತೆಗೂಡಿ ಅವರು ಬರೆದ, 1970ರಲ್ಲಿ ಹೊರಬಂದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿ ನೆಲೆಯೂರಿತು. ಇಂಧನವನ್ನು ಸುಡದೆ ಅದರಿಂದ ನೇರವಾಗಿ ವಿದ್ಯುತ್ ತೆಗೆಯುವ ಇಂಧನ ಕೋಶ ಇದೇ ಶಾಸ್ತ್ರದ ಕೂಸು. ಆದರೆ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರವನ್ನು ಕಟ್ಟಿ, ಮುಂದೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಸಗಣಿ ಅನಿಲದಿಂದ ವಿದ್ಯುತ್ ಮಾಡಹೊರಟಾಗ, ಅವರೂ ಅವರ ಸಹೋದ್ಯೋಗಿಗಳೂ ಆರಿಸಿಕೊಂಡದ್ದು ಡೀಸೆಲ್ ಎಂಜಿನ್. ಅಂಗಡಿಯಲ್ಲಿ ಸಿಗುವ, ಕೆಟ್ಟರೆ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಬಿಚ್ಚಿ ಸರಿಮಾಡಬಲ್ಲ, ಸ್ವಲ್ಪ ಡೀಸೆಲ್ ಜೊತೆ ಗೋಬರ್ ಗ್ಯಾಸ್ ಕುಡಿಸಿದರೆ ಓಡುವ ಸಾಧಾರಣ ಎಂಜಿನ್.

ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಇಂಧನ ಕೋಶ ಆಗ ಬಾಹ್ಯಾಕಾಶ ನೌಕೆಗಳಿಂದ ಇಳಿದು ನೆಲದ ಮೇಲೆ ಇನ್ನೂ ಗಟ್ಟಿಯಾಗಿ ಕಾಲೂರಿರಲಿಲ್ಲ. ಈಗ ಊರಿದೆ. ಕೊಳಚೆ ನೀರಿನಿಂದ, ಬ್ರೂವರಿಯ ತ್ಯಾಜ್ಯದಿಂದ, ಹೈನು ಕೊಟ್ಟಿಗೆಯ ಸಗಣಿಯಿಂದ ಹುಟ್ಟಿದ ಅನಿಲವನ್ನು ಇಂಧನ ಕೋಶಕ್ಕೆ ಹಾಯಿಸಿ ಕರೆಂಟು ತೆಗೆದ ಉದಾಹರಣೆಗಳು ಅಮೆರಿಕದಲ್ಲೂ ಜಪಾನಿನಲ್ಲೂ ಇವೆ. ಕಸದ ಬೆಟ್ಟಗಳ ಮುಂದೆ ನಿಂತಿರುವ ನಮ್ಮ ನಗರಗಳಿಗೆ ಈ ಸುದ್ದಿ ಆಸೆ ಹುಟ್ಟಿಸುವುದು ಸಹಜ. ಆ ಆಸೆಯಲ್ಲಿ ನನಗೂ ಪಾಲಿದೆ. ಹಾಗಿದ್ದೂ ಈ ಯಂತ್ರವನ್ನು ಎಲ್ಲಿ ಇಡಬೇಕು, ಅದಕ್ಕೂ ಮೊದಲು ಏನು ಆಗಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳದೆ ಹಣ ಸುರಿದರೆ, ನಾಲ್ಕಾರು ವರ್ಷಗಳಲ್ಲಿ ಇನ್ನೊಂದಿಷ್ಟು ತುಕ್ಕು ಹಿಡಿದ ಶೆಡ್ಡುಗಳು ನಮ್ಮ ಪಾಲಿಗೆ ಉಳಿಯುತ್ತವೆ. ನನ್ನ ನಿಲುವು ಇಷ್ಟು: ಇಂಧನ ಕೋಶ ನಮಗೆ ಬೇಕು, ಅದರ ಮೊದಲ ಜಾಗ ನಗರಗಳ ದೊಡ್ಡ ಕೊಳಚೆ ನೀರು ಶುದ್ಧೀಕರಣ ಘಟಕ. ವಾರ್ಡಿನ ಮೂಲೆಯ ಹಸಿ ಕಸದ ಘಟಕವೂ ಹಳ್ಳಿಯ ಗೋಬರ್ ಗ್ಯಾಸ್ ಗುಂಡಿಯೂ ಅದಕ್ಕೆ ತಕ್ಕ ಜಾಗವಲ್ಲ.

ಇಂಧನ ಕೋಶದ ಮೂಲ ತತ್ವ ಹಳೆಯದು. ವೇಲ್ಸ್‌ನ ವಿಲಿಯಂ ಗ್ರೋವ್ 1839ರ ಸುಮಾರಿಗೇ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ನೀರಾಗುವಾಗ ವಿದ್ಯುತ್ ಹರಿಯುವುದನ್ನು ತೋರಿಸಿದ್ದರು. ಎಂಜಿನ್ನಿನಲ್ಲಿ ಇಂಧನ ಉರಿಯುತ್ತದೆ, ಉರಿಯ ಬಿಸಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಜನರೇಟರ್ ತಿರುಗಿಸುತ್ತದೆ. ಬಿಸಿಯನ್ನು ಚಲನೆಯಾಗಿ ಬದಲಿಸುವ ಯಾವ ಯಂತ್ರಕ್ಕೂ ದಾಟಲಾಗದ ಮಿತಿಯೊಂದಿದೆ ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಹೇಳಿದ ಮಾತು ಇಂದಿಗೂ ಅಲುಗಿಲ್ಲ. ಇಂಧನ ಕೋಶ ಆ ದಾರಿಯನ್ನೇ ಹಿಡಿಯುವುದಿಲ್ಲ. ಒಂದು ಬದಿಯಲ್ಲಿ ಇಂಧನ, ಇನ್ನೊಂದು ಬದಿಯಲ್ಲಿ ಗಾಳಿ, ನಡುವೆ ಅಯಾನುಗಳನ್ನು ಮಾತ್ರ ಬಿಟ್ಟುಕೊಡುವ ಪದರ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರಲೇಬೇಕು. ಆ ಸುತ್ತೇ ನಮಗೆ ಸಿಗುವ ಕರೆಂಟು. ಪಿಸ್ಟನ್ ಇಲ್ಲ, ಸ್ಫೋಟವಿಲ್ಲ, ಹಾಗಾಗಿ ಸದ್ದು ಕಡಿಮೆ. ಎಂಜಿನ್ನಿನ ಉರಿಯಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಗೆ ಬಂದೇ ಬರುತ್ತದೆ. ಆದರೆ ಅದು ಗಿಡಮರಗಳು ಇತ್ತೀಚೆಗಷ್ಟೇ ಗಾಳಿಯಿಂದ ಹೀರಿದ್ದು, ನೆಲದಾಳದಿಂದ ಅಗೆದು ತಂದದ್ದಲ್ಲ.

ಜೈವಿಕ ಅನಿಲಕ್ಕೆ ಹೊಂದುವಂಥವು ಮುಖ್ಯವಾಗಿ ಎರಡು ಬಗೆಯ ಕೋಶಗಳು. ಒಂದು ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವ, ಕರಗಿದ ಕಾರ್ಬೊನೇಟ್ ಲವಣ ಬಳಸುವ ಕೋಶ. ಇನ್ನೊಂದು ಅದಕ್ಕಿಂತಲೂ ಬಿಸಿಯಾದ, ಜಿರ್ಕೋನಿಯಾ ಸೆರಾಮಿಕ್ ಪದರದ ಘನ ಆಕ್ಸೈಡ್ ಕೋಶ. ಈ ಬಿಸಿಯೇ ಇವುಗಳ ಬಲ: ಮೀಥೇನನ್ನು ಹಬೆಯ ಜೊತೆ ಒಳಗೇ ಒಡೆದು ಹೈಡ್ರೋಜನ್ ಮಾಡಿಕೊಳ್ಳುತ್ತವೆ, ಪ್ರತ್ಯೇಕ ಹೈಡ್ರೋಜನ್ ಕಾರ್ಖಾನೆ ಬೇಡ. ಜೈವಿಕ ಅನಿಲದಲ್ಲಿ ಸುಮಾರು ಶೇ. 60 ಮೀಥೇನ್, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್. ಎಂಜಿನ್ನಿಗೆ ಈ ಎರಡನೆಯದು ಸುಮ್ಮನೆ ಹೊರೆ. ಕಾರ್ಬೊನೇಟ್ ಕೋಶಕ್ಕೆ ಅದು ತೊಡಕಲ್ಲ, ಅದರ ಒಳಗಿನ ಕ್ರಿಯೆಗೇ ಬೇಕಾದ ವಸ್ತು. ಹಾಗಾಗಿ ಕೊಳೆತದ್ದರಿಂದ ಹುಟ್ಟಿದ ಅನಿಲಕ್ಕೂ ಈ ಕೋಶಕ್ಕೂ ಒಂದು ಸಹಜ ಹೊಂದಾಣಿಕೆಯಿದೆ.

ಒಂದು ಘನ ಮೀಟರ್ ಜೈವಿಕ ಅನಿಲದಲ್ಲಿ ಸುಮಾರು 6 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಸಣ್ಣ ಎಂಜಿನ್ ಅದರಲ್ಲಿ ಒಂದೂಕಾಲು, ಒಂದೂವರೆ ಯೂನಿಟ್ ವಿದ್ಯುತ್ ಕೊಟ್ಟೀತು. ದೊಡ್ಡ, ಒಳ್ಳೆಯ ಗ್ಯಾಸ್ ಎಂಜಿನ್ ಎರಡು ಯೂನಿಟ್ಟು. ಇಂಧನ ಕೋಶದಿಂದ ಮೂರರ ಆಸುಪಾಸು ತೆಗೆಯಬಹುದು. ಸಣ್ಣ ಗಾತ್ರದಲ್ಲೂ ಅದರ ದಕ್ಷತೆ ಅಷ್ಟಾಗಿ ಕುಸಿಯುವುದಿಲ್ಲ ಎಂಬುದು ಇನ್ನೊಂದು ಲಾಭ.

ಇನ್ನು ಅದರ ಪಥ್ಯ. ಕೋಶದೊಳಗಿನ ನಿಕ್ಕೆಲ್ ವೇಗವರ್ಧಕಕ್ಕೆ ಗಂಧಕ ವಿಷ. ಜೈವಿಕ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರಿಸುವ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷ ಭಾಗದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಭಾಗ ಇರುತ್ತದೆ. ಎಂಜಿನ್ ನೂರಾರು ಭಾಗವನ್ನು ಹೇಗೋ ತಾಳಿಕೊಳ್ಳುತ್ತದೆ. ಎಣ್ಣೆ ಬೇಗ ಕೆಡುತ್ತದೆ, ಲೋಹ ಸವೆಯುತ್ತದೆ, ಆದರೂ ಓಡುತ್ತದೆ. ಇಂಧನ ಕೋಶಕ್ಕೆ ಕಳಿಸುವ ಅನಿಲದಲ್ಲಿ ಅದು ಒಂದು ಭಾಗಕ್ಕಿಂತಲೂ ಕಡಿಮೆ ಇರಬೇಕು. ಕೊಡ ಹಾಲಿಗೆ ಬಿದ್ದ ಒಂದು ಹನಿ ಹುಳಿಯ ಹಾಗೆ, ಅಳತೆಯಲ್ಲಿ ಏನೂ ಅಲ್ಲದ ಗಂಧಕ ಇಡೀ ಕೋಶದ ಕೆಲಸವನ್ನು ಕೆಡಿಸುತ್ತದೆ. ಕೊಳಚೆ ನೀರಿನ ಅನಿಲದಲ್ಲಿ ಇನ್ನೊಂದು ಶತ್ರುವಿದೆ: ಸಿಲೋಕ್ಸೇನ್. ಶ್ಯಾಂಪೂ, ಕ್ರೀಮು, ಡಿಯೋಡರೆಂಟುಗಳಲ್ಲಿರುವ ಸಿಲಿಕಾನ್ ಸಂಯುಕ್ತಗಳು ನಮ್ಮ ಬಚ್ಚಲಿನಿಂದ ಹರಿದು ಅನಿಲಕ್ಕೆ ಸೇರಿ, ಬಿಸಿಯಲ್ಲಿ ನುಣ್ಣನೆಯ ಮರಳಾಗಿ ಕೋಶದ ಮೇಲೆ ಕೂರುತ್ತವೆ. ಗಂಧಕಕ್ಕೆ ಕಬ್ಬಿಣದ ಆಕ್ಸೈಡ್, ಸಿಲೋಕ್ಸೇನಿಗೆ ಆಕ್ಟಿವೇಟೆಡ್ ಕಾರ್ಬನ್ ಎಂದು ಮದ್ದುಗಳಿವೆ. ಆದರೆ ಆ ಮದ್ದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು, ಅನಿಲವನ್ನು ದಿನವೂ ಅಳೆಯಬೇಕು, ಅಳೆದದ್ದನ್ನು ಬರೆದಿಡಬೇಕು. ಇದು ಶಿಸ್ತಿನ ಕೆಲಸ. ವರ್ಷಕ್ಕೊಮ್ಮೆ ಟೆಂಡರ್ ಕರೆದು ಕೈತೊಳೆದುಕೊಳ್ಳುವ ಕೆಲಸವಲ್ಲ.

ಇದನ್ನು ಮಾಡಿ ನೋಡಿದವರ ಅನುಭವ ಏನು ಹೇಳುತ್ತದೆ? ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಂಟನ್‌ನಲ್ಲಿರುವ ಕೊಳಚೆ ನೀರು ಘಟಕದಲ್ಲಿ 2004ರಿಂದ ಎರಡು ವರ್ಷ ಒಂದು ಮೆಗಾವಾಟ್ ಕಾರ್ಬೊನೇಟ್ ಕೋಶವನ್ನು ಪ್ರಯೋಗಕ್ಕೆ ಓಡಿಸಿದರು. ಕೊಳಚೆಯ ಅನಿಲದಿಂದ ಅಷ್ಟು ದೊಡ್ಡ ಕೋಶ ನಡೆಯುತ್ತದೆಂದು ಅಲ್ಲಿ ಸಾಬೀತಾಯಿತು. ಆದರೆ ಆ ಘಟಕ ಅನಿಲವನ್ನು ಶುದ್ಧ ಮಾಡಿ ನಗರದ ಗ್ಯಾಸ್ ಕೊಳವೆಗೆ ಮಾರುವ ಕೆಲಸವನ್ನು 1980ರ ದಶಕದಿಂದಲೇ ಮಾಡುತ್ತಿತ್ತು. ಆ ಲಾಭದ ದಾರಿಯೆದುರು ಕೋಶ ಸ್ಪರ್ಧಿಸಬೇಕಿತ್ತು. ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡ ಬ್ರೂವರಿ 2005ರಲ್ಲಿ 250 ಕಿಲೋವಾಟಿನ ನಾಲ್ಕು ಕೋಶ ಕೂರಿಸಿ, ತನ್ನ ತ್ಯಾಜ್ಯ ನೀರಿನ ಅನಿಲವನ್ನೂ ಅವಕ್ಕೆ ಉಣಿಸಿತು. ಕೆಲವು ವರ್ಷ ಅದು ಎಲ್ಲರೂ ಬೊಟ್ಟುಮಾಡಿ ತೋರಿಸುವ ಮಾದರಿಯಾಗಿತ್ತು. ಹತ್ತು ವರ್ಷದ ಆಸುಪಾಸಿನಲ್ಲಿ ಅವರು ಕೋಶಗಳನ್ನು ತೆಗೆದು ಮೈಕ್ರೋಟರ್ಬೈನುಗಳಿಗೆ ಹೋದರು. ಕೋಶದ ಹೃದಯವಾದ ಸ್ಟ್ಯಾಕ್ ಐದು, ಏಳು ವರ್ಷಕ್ಕೆ ಸವೆಯುತ್ತದೆ. ಆಗ ದೊಡ್ಡ ಮೊತ್ತ ಮತ್ತೆ ಬೇಕು. ಇಂಧನ ಕೋಶದ ಪರವಾಗಿ ಬರೆಯುವವರು ಈ ಅಧ್ಯಾಯವನ್ನು ಮುಚ್ಚಿಡಬಾರದು.

ಇನ್ನೊಂದು ಬದಿಯಲ್ಲಿ, ಕ್ಯಾಲಿಫೋರ್ನಿಯಾದ್ದೇ ಫೌಂಟನ್ ವ್ಯಾಲಿಯಲ್ಲಿ, ಆರೆಂಜ್ ಕೌಂಟಿಯ ಕೊಳಚೆ ನೀರು ಘಟಕದೊಳಗೆ, 2011ರಲ್ಲಿ ನಡೆದ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಂಧನ ಕೋಶ ಕೇಂದ್ರ ಇದರ ಹಿಂದಿತ್ತು. ಒಂದೇ ಕೋಶದಿಂದ ಅವರು ಮೂರು ಫಲ ತೆಗೆದರು: ವಿದ್ಯುತ್, ಬಿಸಿ, ಮತ್ತು ಕೋಶದೊಳಗೆ ಬಳಕೆಯಾಗದೆ ಉಳಿದ ಹೈಡ್ರೋಜನ್. ಆ ಹೈಡ್ರೋಜನ್ನನ್ನು ಬೇರ್ಪಡಿಸಿ ಘಟಕದ ಅಂಗಳದ ಬಂಕಿನಲ್ಲಿ ಕಾರುಗಳಿಗೆ ತುಂಬಿದರು. ವಿದ್ಯುತ್ತೂ ಹೈಡ್ರೋಜನ್ನೂ ಸೇರಿ ಅನಿಲದ ಶಕ್ತಿಯಲ್ಲಿ ಶೇ. 54 ಕೈಗೆ ಬಂತು. ಜಪಾನಿನ ಫುಕುಒಕಾ ನಗರ 2015ರಲ್ಲಿ ತನ್ನ ಕೊಳಚೆ ನೀರಿನ ಅನಿಲದಿಂದ ಹೈಡ್ರೋಜನ್ ತೆಗೆದು ಇಂಧನ ಕೋಶದ ವಾಹನಗಳಿಗೆ ಒದಗಿಸತೊಡಗಿತು. ಅಲ್ಲಿ ಕೋಶ ಇರುವುದು ಕಾರಿನೊಳಗೆ, ಅಷ್ಟೇ ವ್ಯತ್ಯಾಸ.

ಇವೆಲ್ಲಕ್ಕೂ ಸಮಾನವಾದ ಒಂದು ಅಂಶವಿದೆ. ಎಲ್ಲ ಕಡೆಯೂ ಕಚ್ಚಾವಸ್ತು ಒಂದೇ ಬಗೆಯದು, ದಿನವೂ ಬರುವಂಥದು, ಒಬ್ಬನೇ ಒಡೆಯನ ಕೈಯಲ್ಲಿರುವಂಥದು. ಕೊಳಚೆ ನೀರು ಹಬ್ಬದ ದಿನವೂ ಬರುತ್ತದೆ, ಮುಷ್ಕರದ ದಿನವೂ ಬರುತ್ತದೆ. ಅದರಲ್ಲಿ ಟೈರು, ಚಪ್ಪಲಿ, ಗಾಜಿನ ಚೂರು ಬೆರೆಸಿ ಡೈಜೆಸ್ಟರಿಗೆ, ಅಂದರೆ ಕೊಳೆಸಿ ಅನಿಲ ಮಾಡುವ ತೊಟ್ಟಿಗೆ, ಯಾರೂ ಸುರಿಯುವುದಿಲ್ಲ. ಘಟಕದಲ್ಲಿ ಎಂಜಿನಿಯರು, ರಸಾಯನಜ್ಞರು ಮೊದಲೇ ಇರುತ್ತಾರೆ, ಪ್ರಯೋಗಾಲಯವೂ ಇರುತ್ತದೆ.

ಈಗ ನಮ್ಮ ಕಡೆ ನೋಡೋಣ. ಲಖನೌದಲ್ಲಿ 2003ರಲ್ಲಿ ನಗರದ ಕಸದಿಂದ ಅನಿಲ, ಅನಿಲದಿಂದ 5 ಮೆಗಾವಾಟ್ ವಿದ್ಯುತ್ ಮಾಡುವ ಘಟಕ ಶುರುವಾಯಿತು. ಅದಕ್ಕೆ ಬೇಕಾದದ್ದು ಹಸಿ ಕಸ. ಬಂದದ್ದು ಮಣ್ಣು, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಲೆತ ಕಸ. ಘಟಕ ಬಾಗಿಲು ಹಾಕಿತು. ಬೆಂಗಳೂರಿನಲ್ಲಿ ಮಾವಳ್ಳಿಪುರದ ಜನ, ಆಮೇಲೆ ಮಂಡೂರಿನ ಜನ ನಗರದ ಕಸ ನಮ್ಮೂರಿಗೆ ಬೇಡವೆಂದು ಎದ್ದುನಿಂತ ಮೇಲೆ, ಪಾಲಿಕೆ ವಾರ್ಡುಗಳಲ್ಲಿ ದಿನಕ್ಕೆ 5 ಟನ್ ಹಸಿ ಕಸ ಅರಗಿಸುವ ಬಯೋಮೆಥನೈಸೇಷನ್ ಘಟಕಗಳನ್ನು ಕಟ್ಟಿತು. ಅನಿಲದಿಂದ ಬೀದಿದೀಪ ಉರಿಯಬೇಕಿತ್ತು. ಅವುಗಳಲ್ಲಿ ಹಲವು ನಿಂತುಹೋದವು. ಕಸ ವಿಂಗಡಣೆಯಾಗಿ ಬರಲಿಲ್ಲ, ಬಂದ ದಿನ ಯಂತ್ರ ಕೆಟ್ಟಿತ್ತು, ಯಂತ್ರ ಸರಿಯಾದ ದಿನ ಬಿಲ್ಲು ಪಾಸಾಗಿರಲಿಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆಯನ್ನು ಕಡ್ಡಾಯ ಮಾಡಿತು. ಅಂದಿನಿಂದ ಸುಧಾರಣೆ ಆಗಿದೆ. ಮುಂಜಾನೆ ಆಟೋ ಟಿಪ್ಪರ್ ಹಿಂದೆ ಓಡುವ ಪೌರಕಾರ್ಮಿಕರು ಮನೆಮನೆಯಲ್ಲಿ ಜಗಳವಾಡಿ ಅದನ್ನು ಸಾಧಿಸಿದ್ದಾರೆ. ಆದರೂ ಇಂದು ಬಂದ ಕಸದ ಗುಣ ನಾಳೆಯೂ ಹಾಗೇ ಇರುತ್ತದೆಂದು ಯಾವ ವಾರ್ಡಿನಲ್ಲೂ ಖಾತ್ರಿ ಕೊಡಲಾಗದು. ಅಂಥ ಕಡೆ ಗಂಧಕವನ್ನು ಒಂದು ಭಾಗಕ್ಕಿಂತ ಕೆಳಗಿಡಬೇಕೆಂದು ಹಟ ಮಾಡುವ ಯಂತ್ರವನ್ನು ತಂದಿಟ್ಟರೆ ಮೊದಲ ಮಳೆಗಾಲವನ್ನೇ ಅದು ದಾಟಲಿಕ್ಕಿಲ್ಲ. ವಾರ್ಡಿನ ಘಟಕದ ಅನಿಲ ಹತ್ತಿರದ ಹೋಟೆಲಿನ ಒಲೆಗೋ ಹಾಸ್ಟೆಲಿನ ಅಡುಗೆಮನೆಗೋ ಹೋಗಲಿ; ಬರ್ನರ್ ಇಷ್ಟೊಂದು ಮಡಿ ಕೇಳುವುದಿಲ್ಲ.

ಪುರದ ಅನುಭವವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ಸೋಲೂ ಇತ್ತು, ಗೆಲುವೂ ಇತ್ತು, ಎರಡಕ್ಕೂ ಕಾರಣ ಯಂತ್ರವಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಕಟ್ಟಿದ್ದು ಅಡುಗೆಗಾಗಿ. ಊರಿನ ಎಲ್ಲ ಒಲೆಗಳಿಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. ಎಲ್ಲರಿಗೂ ಸಾಲದ ಗ್ಯಾಸಿನ ಮೇಲೆ ಎಲ್ಲರಿಗೂ ಆಸಕ್ತಿ ಉಳಿಯಲಿಲ್ಲ. ಆಮೇಲೆ ವಿಜ್ಞಾನಿಗಳು ಊರವರನ್ನೇ ಕೇಳಿದರು. ಜನರಿಗೆ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಬಿಟ್ಟರು, ಸಂಜೆ ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಕಿಲೋಗೆ ಒಂದೆರಡು ಪೈಸೆ ಕೂಲಿ. ಅದನ್ನು ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಹಾಗಾಗಿ ಆ ದುಡ್ಡು ಅವರ ಕೈಗೇ ಬಂತು. ಅನಿಲ ಹೋದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಹಾಸಿನಲ್ಲಿ ಬಸಿದು, ಅವರವರ ಸಗಣಿಗೆ ತಕ್ಕ ಪಾಲು ಗೊಬ್ಬರವನ್ನು ತಿಪ್ಪೆಗೆ ಹಿಂದಿರುಗಿಸಿದರು. ಲೆಕ್ಕ ನೋಡಿಕೊಳ್ಳಲು ಊರಿನ ಸಭೆಯಿತ್ತು, ಯಂತ್ರ ನೋಡಿಕೊಳ್ಳಲು ಊರಿನ ಹುಡುಗರಿದ್ದರು. ಆ ಏರ್ಪಾಡು ವರ್ಷಗಟ್ಟಲೆ ನಡೆಯಿತು. ತ್ಯಾಜ್ಯ ಕೊಡುವವನಿಗೆ ಏನು ಹಿಂದಿರುಗಿ ಬರುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿತ್ತು. ನಮ್ಮ ನಗರಗಳ ಕಸದ ಯೋಜನೆಗಳಲ್ಲಿ ನನಗೆ ಕಾಣದಿರುವುದು ಆ ಉತ್ತರವೇ.

ಹಳ್ಳಿಯಲ್ಲಿ ಇಂಧನ ಕೋಶ ಬೇಡ ಎಂದೆ. ಅದಕ್ಕೆ ದುರಸ್ತಿಯ ಕಾರಣ ಒಂದಾದರೆ, ಇನ್ನೊಂದು ಕಾರಣ ಬೆಳಕಿನ ಸಮಸ್ಯೆ ಅಲ್ಲಿ ಬಹುಮಟ್ಟಿಗೆ ಬೇರೆ ದಾರಿಯಲ್ಲಿ ಪರಿಹಾರವಾಗಿದೆ. ತಂತಿ ಬಂದಿದೆ, ಚಾವಣಿಯ ಸೋಲಾರ್ ಬಂದಿದೆ. ನಾಲ್ಕು ದನ ಕಟ್ಟಿದ ಮನೆಗೆ ಗೋಬರ್ ಗ್ಯಾಸಿನಿಂದ ಆಗುವ ದೊಡ್ಡ ಉಪಕಾರ ಇಂದಿಗೂ ಅಡುಗೆಮನೆಯದ್ದೇ: ಹೊಗೆ ಇಲ್ಲದ ಒಲೆ, ಉಳಿದ ಸಿಲಿಂಡರ್ ದುಡ್ಡು, ಹೊಲಕ್ಕೆ ಬಗ್ಗಡ.

ಹಾಗಾದರೆ ಕೊಳಚೆ ನೀರಿನ ಲೆಕ್ಕ ಏನಾಗುತ್ತದೆ? ಒಬ್ಬ ಮನುಷ್ಯನ ಪಾಲಿನ ಕೊಳಚೆಯಿಂದ ದಿನಕ್ಕೆ ಸುಮಾರು 20 ಲೀಟರ್ ಅನಿಲ ಹುಟ್ಟಬಹುದು ಎಂದಿಟ್ಟುಕೊಳ್ಳೋಣ. ಇಂಧನ ಕೋಶದ ಮೂಲಕ ಅದರಿಂದ ಸಿಗುವುದು 0.06 ಯೂನಿಟ್, 9 ವಾಟಿನ ಒಂದು ಎಲ್‌ಇಡಿ ಬಲ್ಬು ಆರೂವರೆ ಗಂಟೆ ಉರಿದರೆ ಮುಗಿಯಿತು. ಕೊಳಚೆಯಿಂದ ನಗರಕ್ಕೆ ಬೆಳಕು ಎಂದು ಭಾಷಣ ಮಾಡುವವರು ಈ ಸಂಖ್ಯೆಯನ್ನು ಮೊದಲು ನೋಡಬೇಕು. ಆದರೆ ಇದೇ ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟರೆ ಚಿತ್ರ ಬದಲಾಗುತ್ತದೆ. ಕೊಳಚೆ ನೀರನ್ನು ಶುದ್ಧ ಮಾಡಲು, ಅದರಲ್ಲೂ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದಲು, ಒಂದು ಘನ ಮೀಟರ್ ನೀರಿಗೆ ಸುಮಾರು 0.3ರಿಂದ 0.6 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹತ್ತು ಲಕ್ಷ ಜನರ ನಗರಭಾಗ, ತಲೆಗೆ 150 ಲೀಟರ್ ಕೊಳಚೆ ಎಂದರೆ ದಿನಕ್ಕೆ 15 ಕೋಟಿ ಲೀಟರ್, 0.4 ಯೂನಿಟ್ಟಿನಂತೆ ದಿನಕ್ಕೆ 60,000 ಯೂನಿಟ್ ಬೇಕು. ಅದೇ ಹತ್ತು ಲಕ್ಷ ಜನರ ಕೊಳಚೆಯ ಅನಿಲ 20,000 ಘನ ಮೀಟರ್; ಒಳ್ಳೆಯ ಎಂಜಿನ್ ಅದರಿಂದ ಸುಮಾರು 40,000 ಯೂನಿಟ್ ತೆಗೆಯುತ್ತದೆ, ಇಂಧನ ಕೋಶ 60,000. ಇದು ಅಂದಾಜಿನ ಲೆಕ್ಕ, ನಿಜ. ನಮ್ಮ ಕೊಳಚೆ ನೀರು ತೆಳು, ಮಳೆನೀರೂ ಅದರಲ್ಲಿ ಬೆರೆಯುತ್ತದೆ, ಅನಿಲ ಇದಕ್ಕಿಂತ ಕಡಿಮೆ ಬರಬಹುದು. ಆದರೂ ಎಂಜಿನ್ನಿಗೂ ಕೋಶಕ್ಕೂ ನಡುವಿನ ಅಂತರ ಎಲ್ಲಿ ಬೆಲೆ ಪಡೆಯುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ಎಂಜಿನ್ ಇಟ್ಟ ಘಟಕ ತನ್ನ ವಿದ್ಯುತ್ ಬಿಲ್ಲಿನಲ್ಲಿ ಒಂದು ಪಾಲು ಉಳಿಸಿಕೊಳ್ಳುತ್ತದೆ. ಕೋಶ ಇಟ್ಟ ಘಟಕ ತನ್ನ ಕಾಲ ಮೇಲೆ ನಿಲ್ಲುವ ಹತ್ತಿರಕ್ಕೆ ಬರುತ್ತದೆ.

ಇದು ಬರೀ ಬಿಲ್ಲಿನ ಮಾತಲ್ಲ. ಕರೆಂಟು ಹೋದಾಗ, ಅಥವಾ ಕರೆಂಟಿನ ದುಡ್ಡು ಉಳಿಸಲೆಂದು ಯಾರೋ ಬ್ಲೋವರ್ ನಿಲ್ಲಿಸಿದಾಗ, ಅರೆಬರೆ ಶುದ್ಧವಾದ ನೀರು ಹೊರಗೆ ಹರಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ಕಂಡವರಿಗೆ ಅದರ ಪರಿಣಾಮ ವಿವರಿಸಬೇಕಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅಲ್ಲಿನ ರೈತರ ಅಂತರ್ಜಲ ಈಗ ನಮ್ಮ ಘಟಕಗಳ ಶಿಸ್ತಿನ ಮೇಲೆ ನಿಂತಿದೆ. ತನ್ನ ವಿದ್ಯುತ್ತನ್ನು ತಾನೇ ಹಗಲೂ ರಾತ್ರಿ ಮಾಡಿಕೊಳ್ಳುವ ಘಟಕ, ಆ ರೈತರ ದೃಷ್ಟಿಯಿಂದ, ಯೂನಿಟ್ಟಿನ ದರಕ್ಕೆ ಮೀರಿದ ವಿಷಯ.

ಅಗ್ಗದ ವಿದ್ಯುತ್ ಬೇಕಿದ್ದರೆ ಸೋಲಾರ್ ಹಾಕಿ, ಇದೇಕೆ ಎಂಬ ಆಕ್ಷೇಪಕ್ಕೆ ನಾನು ಅರ್ಧ ಒಪ್ಪುತ್ತೇನೆ. ಪಾವಗಡದ ಸೋಲಾರ್ ಪಾರ್ಕಿನ ದರಕ್ಕೆ ಇಂಧನ ಕೋಶ ಎಂದೂ ಸಮನಾಗದು. ಆದರೆ ಕೊಳಚೆಯ ಅನಿಲ ನಾವು ಬೇಕೆಂದು ಮಾಡುವ ಇಂಧನವಲ್ಲ, ಕೊಳಚೆ ಕೊಳೆಯುವಾಗ ಹುಟ್ಟಿಯೇ ತೀರುವಂಥದು. ಅದನ್ನು ಗಾಳಿಗೆ ಬಿಟ್ಟರೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಮಾಡುತ್ತದೆ. ಸುಮ್ಮನೆ ಸುಟ್ಟರೆ ಆ ಅಪಾಯ ತಪ್ಪುತ್ತದೆ, ಶಕ್ತಿ ವ್ಯರ್ಥವಾಗುತ್ತದೆ. ಅನಿಲವನ್ನು ಶುದ್ಧ ಮಾಡಿ, ಒತ್ತಿ ತುಂಬಿದ ಜೈವಿಕ ಅನಿಲವಾಗಿಸಿ (ಸಿಬಿಜಿ) ವಾಹನಗಳಿಗೆ ಮಾರಬಹುದಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕೇಂದ್ರ ಸರ್ಕಾರ 2018ರಲ್ಲಿ ‘ಸತತ್’ ಯೋಜನೆಯಡಿ 5,000 ಸಿಬಿಜಿ ಘಟಕಗಳ ಗುರಿ ಸಾರಿತು. ಗಡುವು ಮುಗಿದಾಗ ಅದರ ಸಮೀಪಕ್ಕೂ ತಲುಪಿರಲಿಲ್ಲ. ಅನಿಲ ತುಂಬಿ ಸಾಗಿಸಲು ಅನುಕೂಲವಿರುವ ಕಡೆ, ಸಕ್ಕರೆ ಕಾರ್ಖಾನೆಯ ಪಕ್ಕದ ಡಿಸ್ಟಿಲರಿಗಳಂಥ ಕಡೆ, ಸಿಬಿಜಿಯೇ ಮೇಲು ಎಂದು ನನಗನ್ನಿಸುತ್ತದೆ. ಡಿಸ್ಟಿಲರಿಯ ಅನಿಲದಲ್ಲಿ ಗಂಧಕದ ಪ್ರಮಾಣವೂ ವಿಪರೀತ. ವಿದ್ಯುತ್ತಿನ ಹಸಿವು ಘಟಕದ ಅಂಗಳದಲ್ಲೇ ಇದ್ದು, ಅನಿಲ ಹುಟ್ಟಿದ ಕಡೆಯೇ ಬಳಕೆಯಾಗುವ ಜಾಗದಲ್ಲಿ ಮಾತ್ರ ಕೋಶದ ವಾದ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಧನ ಕೋಶ ಇದ್ದ ಮಾತ್ರಕ್ಕೆ ವಿದ್ಯುತ್ ಹಸಿರಾಗುವುದಿಲ್ಲ. ಜಗತ್ತಿನ ದೊಡ್ಡ ಇಂಧನ ಕೋಶ ಸ್ಥಾವರಗಳಲ್ಲಿ ಬಹುಪಾಲು ಓಡುವುದು ನೆಲದಿಂದ ತೆಗೆದ ನೈಸರ್ಗಿಕ ಅನಿಲದಿಂದ. ದಕ್ಷಿಣ ಕೊರಿಯಾದ ಹ್ವಾಸಂಗ್‌ನ 59 ಮೆಗಾವಾಟ್ ಸ್ಥಾವರವೂ ಹಾಗೆಯೇ. ಕೆಲವು ಕಡೆ ಕಾಗದದ ಮೇಲೆ ಮಾತ್ರ ಜೈವಿಕ ಅನಿಲ: ಎಲ್ಲೋ ದೂರದ ಕೊಟ್ಟಿಗೆಯಲ್ಲಿ ಅನಿಲವನ್ನು ಕೊಳವೆಗೆ ಸೇರಿಸಿದ ಲೆಕ್ಕ ತೋರಿಸಿ, ಇಲ್ಲಿ ಕೊಳವೆಯಿಂದ ಬಂದ ಅನಿಲವನ್ನು ಜೈವಿಕವೆಂದು ಕರೆಯುತ್ತಾರೆ. ಲಾಂಗ್ ಬೀಚ್ ಬಂದರಿನಲ್ಲಿ 2023ರಲ್ಲಿ ಸಿದ್ಧವಾದ 2.3 ಮೆಗಾವಾಟಿನ ಸ್ಥಾವರ ಇಂಥ ಲೆಕ್ಕದ ಮೇಲೆಯೇ ನಿಂತಿದೆ. ಅದರ ಯಂತ್ರಕೌಶಲ ಮೆಚ್ಚಬೇಕಾದ್ದು. ಆದರೆ ನಮ್ಮ ನೀತಿ ಬರೆಯುವವರು ಆ ಲೆಕ್ಕದ ಪದ್ಧತಿಯನ್ನು ಇಲ್ಲಿಗೆ ತರಬಾರದು. ಹುಟ್ಟಿದ ಅನಿಲ, ಬಳಸಿದ ಅನಿಲ ಎರಡಕ್ಕೂ ಒಂದೇ ಅಂಗಳದಲ್ಲಿ ಮೀಟರ್ ಇರಬೇಕು. ಸೋರಿಕೆಗೂ ಮೀಟರ್ ಬೇಕು. ಡೈಜೆಸ್ಟರಿನ ಬಿರುಕುಗಳಿಂದ ಮೀಥೇನ್ ಸೋರುತ್ತಿದ್ದರೆ ಕೋಶದ ದಕ್ಷತೆಯಿಂದ ಗಳಿಸಿದ ಲಾಭವೆಲ್ಲ ಗಾಳಿಪಾಲು.

ಕೋಶಕ್ಕೂ ಮೊದಲು ಮಾಡಬೇಕಾದ ಕೆಲಸಗಳು ನಮ್ಮಲ್ಲಿ ಬಾಕಿ ಇವೆ. ಹೊಸದಾಗಿ ಕಟ್ಟಿದ ಅನೇಕ ಶುದ್ಧೀಕರಣ ಘಟಕಗಳಲ್ಲಿ ಡೈಜೆಸ್ಟರೇ ಇಲ್ಲ. ಕೊಳಚೆಗೆ ಗಾಳಿ ಊದಿ ಊದಿ, ವಿದ್ಯುತ್ ಖರ್ಚು ಮಾಡಿ, ಅನಿಲವಾಗಬಹುದಾಗಿದ್ದ ವಸ್ತುವನ್ನೇ ಕರಗಿಸುವ ವಿನ್ಯಾಸ ಅವುಗಳದು. ಡೈಜೆಸ್ಟರ್ ಇರುವ ಕಡೆ ಅನಿಲ ಎಂಜಿನ್ನಿಗೋ ಬೆಂಕಿಗೋ ಹೋಗುತ್ತದೆ. ಚೆನ್ನೈನ ಜಲಮಂಡಳಿ ಕೊಯಂಬೇಡು, ಕೊಡುಂಗೈಯೂರಿನ ಘಟಕಗಳಲ್ಲಿ ಬಹಳ ವರ್ಷಗಳಿಂದ ಗ್ಯಾಸ್ ಎಂಜಿನ್ ಓಡಿಸಿ ತನ್ನ ವಿದ್ಯುತ್ತಿನ ದೊಡ್ಡ ಪಾಲನ್ನು ತಾನೇ ಮಾಡಿಕೊಳ್ಳುತ್ತಿದೆ. ಬೆಂಗಳೂರು ಅಷ್ಟನ್ನಾದರೂ ಎಲ್ಲ ದೊಡ್ಡ ಘಟಕಗಳಲ್ಲಿ ಮಾಡಬೇಕು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿರುವ ಕೊಳಚೆ ನೀರು ಘಟಕ ಹೋಟೆಲುಗಳ ಆಹಾರ ತ್ಯಾಜ್ಯ, ಜಿಡ್ಡುಗಳನ್ನೂ ತನ್ನ ಡೈಜೆಸ್ಟರುಗಳಿಗೆ ಹಾಕಿಸಿಕೊಂಡು, 2012ರಲ್ಲಿ ತನ್ನ ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ ಮಾಡಿತು. ಇಂಧನ ಕೋಶವಿಲ್ಲದೆಯೇ. ಅದಕ್ಕೆ ಬೇಕಾದದ್ದು ಶುದ್ಧವಾಗಿ ವಿಂಗಡಿಸಿದ ಹಸಿ ಕಸ. ಕಲ್ಯಾಣ ಮಂಟಪಗಳ ಎಲೆಯೂಟದ ಉಳಿಕೆ, ಯಶವಂತಪುರ ಮಾರುಕಟ್ಟೆಯ ತರಕಾರಿ ಕಸ ಇಂಥ ಡೈಜೆಸ್ಟರಿಗೆ ಹೋಗುವಂತಾದರೆ ಅನಿಲ ಹೆಚ್ಚುತ್ತದೆ, ವಾರ್ಡಿನ ಮೇಲಿನ ಹೊರೆ ತಗ್ಗುತ್ತದೆ.

ಗಂಧಕದ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೋಶದ ನಿಕ್ಕೆಲ್ಲನ್ನು ಕೊಲ್ಲುವ ಹೈಡ್ರೋಜನ್ ಸಲ್ಫೈಡೇ ಮ್ಯಾನ್‌ಹೋಲ್‌ಗೆ ಇಳಿದ ಮನುಷ್ಯರನ್ನೂ ಕೊಲ್ಲುತ್ತದೆ. 2013ರ ಕಾನೂನು ಮನುಷ್ಯರನ್ನು ಹಾಗೆ ಇಳಿಸುವುದನ್ನು ನಿಷೇಧಿಸಿದ ಮೇಲೂ ಸಾವುಗಳು ನಿಂತಿಲ್ಲ. ಯಂತ್ರದ ಆಯಸ್ಸು ಕಾಯಲು ಅನಿಲದ ಒಂದೊಂದು ಭಾಗವನ್ನೂ ಅಳೆಯುವ ಮೀಟರಿಗೆ ಹಣ ಮಂಜೂರು ಮಾಡುವ ಜಲಮಂಡಳಿ, ಅದೇ ಕೊಳವೆಜಾಲದ ಮೇಲ್ತುದಿಯಲ್ಲಿ ಕೆಲಸ ಮಾಡುವವರ ಸೊಂಟಕ್ಕೆ ಗ್ಯಾಸ್ ಡಿಟೆಕ್ಟರ್ ಕಟ್ಟದಿದ್ದರೆ, ಆ ಯೋಜನೆಯನ್ನು ನಾನು ಬೆಂಬಲಿಸಲಾರೆ. ಎರಡೂ ಒಂದೇ ಬಜೆಟ್ಟಿನಲ್ಲಿ, ಒಂದೇ ದಿನ ಮಂಜೂರಾಗಬೇಕು.

ಇನ್ನು ಆರಂಭ ಹೇಗೆ? ಡೈಜೆಸ್ಟರ್ ಈಗಾಗಲೇ ಸರಿಯಾಗಿ ನಡೆಯುತ್ತಿರುವ, ಅನಿಲದ ದಾಖಲೆ ಇರುವ ಒಂದೇ ಒಂದು ಘಟಕ ಸಾಕು. ಮೊದಲ ವರ್ಷ ಕೋಶ ಬೇಡ. ಅನಿಲ ಶುದ್ಧೀಕರಣದ ವ್ಯವಸ್ಥೆ ಮಾತ್ರ ಹಾಕಿ, ಹೊರಬರುವ ಅನಿಲದ ಗಂಧಕ, ಸಿಲೋಕ್ಸೇನ್‌ಗಳನ್ನು ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಅಳೆದು, ಅಂಕಿಗಳನ್ನು ಸಾರ್ವಜನಿಕರ ಮುಂದಿಡಬೇಕು. ಶುದ್ಧವಾದ ಅನಿಲದಿಂದ ಆ ವರ್ಷ ಎಂಜಿನ್ನಿನ ಆಯಸ್ಸೂ ಹೆಚ್ಚುತ್ತದೆ, ಹಣ ಎಲ್ಲಿಯೂ ಪೋಲಾಗುವುದಿಲ್ಲ. ಅಂಕಿಗಳು ಸರಿಬಂದರೆ ಎರಡನೇ ವರ್ಷ 250–300 ಕಿಲೋವಾಟಿನ ಕೋಶ. ಗುತ್ತಿಗೆಯಲ್ಲಿ ಸ್ಟ್ಯಾಕ್ ಬದಲಾವಣೆಯ ವೆಚ್ಚ ಮೊದಲೇ ಸೇರಿರಬೇಕು. ಗುತ್ತಿಗೆದಾರರಿಗೆ ಹಣ ಕಟ್ಟಿ ಮುಗಿಸಿದ್ದಕ್ಕಲ್ಲ, ಮೀಟರಿನಲ್ಲಿ ಬಂದ ಯೂನಿಟ್ಟಿಗೆ ಸಿಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಯ ವಿದ್ಯಾರ್ಥಿಗಳಿಗೆ ಸವೆದ ಸ್ಟ್ಯಾಕನ್ನು ಬಿಚ್ಚಿ ನೋಡುವ ಹಕ್ಕು ಆ ಗುತ್ತಿಗೆಯಲ್ಲೇ ಬರೆದಿರಬೇಕು. ನಮ್ಮ ಕೊಳಚೆಯ ಅನಿಲ ನಮ್ಮ ಹವೆಯಲ್ಲಿ ಕೋಶವನ್ನು ಯಾವ ಬಗೆಯಲ್ಲಿ ಸವೆಸುತ್ತದೆ ಎಂಬುದು ಆ ಬಿಚ್ಚಿದ ಪದರಗಳಲ್ಲಿ ಸಿಗುತ್ತದೆ, ಮಾರಾಟಗಾರರ ಕೈಪಿಡಿಯಲ್ಲಿ ಸಿಗುವುದಿಲ್ಲ.